ಎಳ್ಳಮಾವಾಸ್ಯೆಯ ಅತಿಥಿಗಳು

ಕನ್ನಡ ಅಧ್ಯಾಪಕನಾದವನಿಗೆ ಹಂಸದ ಸಹವಾಸ ತಪ್ಪಿದ್ದಲ್ಲ. ನಳನ ಸಂದೇಶವನ್ನು ದಮಯಂತಿಗೆ ಒಯ್ಯುವುದು ಹಂಸ. ವಾಗ್ದೇವಿಗೆ ವಾಹನವಾಗಿರುವುದು ಹಂಸ. ಹಾಲನ್ನೂ ನೀರನ್ನೂ ಬೇರ್ಪಡಿಸಿ ವಿಮರ್ಶಕ ಮಹಾಶಯರಿಗೆ ಮೇಲ್ಪಂಕ್ತಿ ಹಾಕಿಕೊಡುವುದೂ ಹಂಸವೇ. ಗದಗಿನ ಕಾಲೇಜೊಂದರಲ್ಲಿ ಕಳೆದ ಹನ್ನೊಂದು ವರ್ಷಗಳಿಂದ ಕರಿಹಲಗೆಯ ಮುಂದೆ ನಿಂತು ಈ ಪಕ್ಷಿಯ ನಡಿಗೆಯನ್ನೂ ಧ್ವನಿಯನ್ನೂ ವಿವೇಕವನ್ನೂ ನಾನು ವರ್ಣಿಸುತ್ತ ಬಂದಿದ್ದೇನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಈ ವಿಷಯದಲ್ಲಿ ಅವರಾರೂ ನನ್ನನ್ನು ಪ್ರಶ್ನಿಸಿದ್ದಿಲ್ಲ. ಪ್ರಶ್ನೆ ಬಂದುದು ಮನೆಯಲ್ಲಿ, ಏಳನೆಯ ಇಯತ್ತೆಯಲ್ಲಿ ಓದುತ್ತಿರುವ ನನ್ನ ಮಗಳಿಂದ.

“ಅಪ್ಪಾ, ನೀ ಖರೇನ ಹಂಸ ನೋಡೀಯೇನು?”

“ಪುಸ್ತಕದಲ್ಲಿ ನೋಡಿದ್ದೇನೆ” ಎಂದೆ.

“ಪುಸ್ತಕದಾಗ ನಾನೂ ನೋಡೀನಿ” ಎಂದಳು ಮಗಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮೆಲ್ಲರ ಕಣ್ಣಿಗೆ ಕಟ್ಟಿರುವ ಹಂಸವೆಂದರೆ ರವಿವರ್ಮನ ಚಿತ್ರದಲ್ಲಿ ದಮಯಂತಿಯ ಎದುರಿಗೆ ನಿಂತಿರುವ, ಹಾಲುಬಿಳುಪಿನ, ನೀಳವಾಗಿ ಬಾಗಿದ ಕೊರಳಿನ ಹಕ್ಕಿ. ಅದೇ ಹಕ್ಕಿ ಕ್ಯಾಲೆಂಡರುಗಳಿಗೂ ಮದುವೆಯ ಕರೆಯೋಲೆಗಳಿಗೂ ಇಳಿದು ಬಂದಿದೆ. ಆ ಹಕ್ಕಿ ಯುರೋಪಿನ ಸರೋವರಗಳದು. ಕನ್ನಡ ನಾಡಿನ ಕೆರೆಗಳಿಗೆ ಅದು ಬರುವುದಿಲ್ಲ. ಹಾಗಾದರೆ ನಮ್ಮ ಪೂರ್ವಕವಿಗಳು ಯಾವುದನ್ನು ಕಂಡು ಬರೆದರು? ನಾನು ಈ ವಿಚಾರದಲ್ಲಿ ಮುಳುಗಿರುವಾಗ, ರೊಟ್ಟಿ ಬಡಿಯುತ್ತಿದ್ದ ನನ್ನ ಸಹಧರ್ಮಿಣಿ ಒಳಗಿನಿಂದಲೇ ಹೇಳಿದಳು:

“ಮಾಗಡ್ಯಾಗ ನಮ್ಮ ಸ್ವಾದರ ಮಾವನ ಹೊಲದ ಹತ್ರ ಥಂಡಿ ದಿನದಾಗ ಬರತಾವಲ್ರೀ, ಅವೇನು ಮತ್ತ?”

“ಅವು ಬಾತುಕೋಳಿಗಳು” ಎಂದೆ ನಾನು, ಎಂ.ಎ. ಪದವೀಧರನಿಗೆ ಉಚಿತವಾದ ಧೈರ್ಯದಿಂದ.

ಹಾಗೆ ಹೇಳಿದ್ದು ತಪ್ಪಾಯಿತೆಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬರುವ ಮುಖ್ಯ ಅತಿಥಿಗೆ ನಮ್ಮ ಪಕ್ಷಿಪ್ರಿಯರು ಪಟ್ಟೆತಲೆ ಹೆಬ್ಬಾತು ಎಂದು ಹೆಸರಿಟ್ಟಿದ್ದಾರೆ. ವಿಜ್ಞಾನಿಗಳು ಅದನ್ನು ಆನ್ಸರ್ ಇಂಡಿಕಸ್ ಎನ್ನುತ್ತಾರೆ. ಲ್ಯಾಟಿನ್ನಿನ ಆನ್ಸರ್, ಜರ್ಮನರ ಗಾನ್ಸ್, ಇಂಗ್ಲಿಷರ ಗೂಸ್ ಮತ್ತು ಸಂಸ್ಕೃತದ ಹಂಸ, ಇವೆಲ್ಲ ಒಂದೇ ಮೂಲಶಬ್ದದ ಮಕ್ಕಳು. ಭಾಷಾಶಾಸ್ತ್ರದ ತರಗತಿಯಲ್ಲಿ ಇದನ್ನು ನಾನೇ ಪಾಠ ಮಾಡಿದ್ದೇನೆ, ಆದರೆ ಅದರ ಅರ್ಥವೇನೆಂದು ಯೋಚಿಸಿರಲಿಲ್ಲ. ಡಚ್ ವಿದ್ವಾಂಸ ವೋಗೆಲ್ ಎಂಬವರು ಭಾರತೀಯ ಸಾಹಿತ್ಯ ಮತ್ತು ಶಿಲ್ಪಗಳಲ್ಲಿನ ಹಂಸವನ್ನು ಕುರಿತೇ ಬರೆದ ಒಂದು ಗ್ರಂಥ ೧೯೬೨ರಲ್ಲಿ ಪ್ರಕಟವಾಯಿತು. ನಮ್ಮವರ ಹಂಸ ಈ ಹೆಬ್ಬಾತೇ ಹೊರತು ಯುರೋಪಿನ ಬಿಳಿಯ ಹಕ್ಕಿಯಲ್ಲ ಎಂಬುದು ಅವರ ಮತ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ರಾಜಹಂಸದ ಕೊಕ್ಕು ಕಾಲುಗಳು ಕೆಂಪೆಂದು ಕೋಶಕಾರರು ಹೇಳಿರುವುದರಿಂದ ಅದು ಬೇರೆಯೇ ಹಕ್ಕಿಯಿರಬೇಕೆಂದು ವಾದಿಸುವವರುಂಟು. ವಾದ ಏನೇ ಇರಲಿ, ಮನೆಯಿಂದ ಇಪ್ಪತ್ತಾರು ಕಿಲೋಮೀಟರು ದೂರದಲ್ಲಿ ಹಂಸವು ಪ್ರತಿವರ್ಷ ಬಂದಿಳಿಯುತ್ತಿರುವಾಗ ಅದನ್ನು ನೋಡದೆಯೇ ಹನ್ನೊಂದು ವರ್ಷ ವರ್ಣಿಸಿದ ಅಪಕೀರ್ತಿ ನನ್ನದಾಯಿತು.

ಮಾವನವರಿಂದ ಎಳ್ಳಮಾವಾಸ್ಯೆಯ ಚರಗಕ್ಕೆ ಕರೆ ಬಂದಿತ್ತು. ಮಗನಿಗೆ ಬಿಂಕದಕಟ್ಟಿಯ ಮೃಗಾಲಯದ ಹುಲಿಯೇ ಬೇಕಾಗಿತ್ತು. ಎಂಟು ವರ್ಷದವನ ದೃಷ್ಟಿಯಲ್ಲಿ ಹುಲಿಗೆ ಸಮನಾದ ಪ್ರಾಣಿ ಇನ್ನೊಂದಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ, ಅಂದರೆ ಹುಲಿಯ ಕೆರೆ, ನಾವು ಹೋಗುವುದು ಅದೇ ದಿಕ್ಕಿಗೆ ಎಂದು ಹೇಳಿ ಅವನನ್ನು ಹೊರಡಿಸಿದೆ. ತಿರುಳ್ಗನ್ನಡದ ಪುಲಿಗೆರೆಯ ಹೆಸರು ಹೇಳಿ ಮಗುವನ್ನು ಮೋಸಗೊಳಿಸಿದ್ದಕ್ಕೆ ಪಂಪಕವಿ ನನ್ನನ್ನು ಕ್ಷಮಿಸಲಿ.

ಇನ್ನೂ ಕತ್ತಲಿರುವಾಗಲೇ ಬಸ್ಸು ಹತ್ತಿದೆವು. ಬಸ್ಸಿನ ತುಂಬ ಬುತ್ತಿಯ ಗಂಟುಗಳು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಹೀಗೆ ಒಂದೊಂದು ಗಂಟಿನಿಂದ ಒಂದೊಂದು ಪರಿಮಳ ಬರುತ್ತಿತ್ತು. ಕಂಡಕ್ಟರು ಮಾತ್ರ ಆ ದಿನವೂ ಕರ್ತವ್ಯಕ್ಕೆ ಬಿದ್ದ ತನ್ನ ಹಣೆಬರಹವನ್ನು ನೆನೆಯುತ್ತ ಟಿಕೆಟು ಹರಿಯುತ್ತಿದ್ದ. ಊರ ಬಾಗಿಲಲ್ಲಿ ಮಾವನವರು ಚಕ್ಕಡಿ ಹೂಡಿಕೊಂಡು ಕಾದಿದ್ದರು. ಅರವತ್ತೈದರ ಸಮೀಪದ ವಯಸ್ಸು, ಹೆಗಲ ಮೇಲೆ ಕಂಬಳಿ, ಮಾತು ಕಡಿಮೆ. ಈಗ ಹೊಲಕ್ಕೆ ಟ್ರ್ಯಾಕ್ಟರಿನಲ್ಲಿ ಹೋಗುವವರೇ ಹೆಚ್ಚಾದರೂ, ಪೇಟೆಯ ಮಕ್ಕಳು ಬರುವರೆಂದು ಅವರು ಎತ್ತುಗಳ ಕೋಡಿಗೆ ಬಣ್ಣ ಬಳಿದು ಕೊರಳಿಗೆ ಗೆಜ್ಜೆ ಕಟ್ಟಿ ತಂದಿದ್ದರು.

“ಮದಲ ಕೆರಿಗೆ ಹೋಗೂಣು. ಹೊತ್ತ ಏರಿದ್ರ ನೋಡಾಕ ಚಂದ ಇರೂದಿಲ್ಲ” ಎಂದರು.

ಮಾಗಡಿ ಕೆರೆ ದೊಡ್ಡದೇನಲ್ಲ. ನೀರಾವರಿಗಾಗಿ ಮಳೆನೀರು ಹಿಡಿದಿಡಲೆಂದು ಮನುಷ್ಯರು ಕಟ್ಟಿದ ಕೆರೆ. ವಿಸ್ತಾರ ಸುಮಾರು ೧೩೪ ಎಕರೆ. ಸುತ್ತಲೂ ಹೊಲಗಳು, ಪೂರ್ವಕ್ಕೆ ಕಪ್ಪತಗುಡ್ಡದ ಸಾಲು. ನಾವು ದಂಡೆ ಸೇರಿದಾಗ ಕೆರೆಯ ಮೇಲೆ ಮಂಜು ಮುಸುಕಿತ್ತು, ಹಕ್ಕಿಗಳ ಸುಳಿವಿರಲಿಲ್ಲ. ಮಗನು ನನ್ನ ಮುಖವನ್ನೊಮ್ಮೆ ನೋಡಿದ. ಹುಲಿ ತಪ್ಪಿಸಿದ ತಂದೆಯ ಮುಖ ಅದು. ಅಷ್ಟರಲ್ಲಿ ಮಾವನವರು ಕೈಯೆತ್ತಿ ಆಕಾಶದ ಕಡೆಗೆ ತೋರಿಸಿದರು.

ಮೊದಲು ಕೇಳಿಸಿದ್ದು ಧ್ವನಿ. ದೂರದ ಜಾತ್ರೆಯ ಜನಸಂದಣಿಯ ಗಲಿಬಿಲಿಯನ್ನು ಹೋಲುವ, ಮೂಗಿನಿಂದ ಹೊರಟಂತಹ ಧ್ವನಿ. ಆಮೇಲೆ ಹೊಲಗಳ ಕಡೆಯಿಂದ ಒಂದು ಸಾಲು, ಅದರ ಹಿಂದೆ ಇನ್ನೊಂದು ಸಾಲು, ಬಾಣದ ಮೊನೆಯ ಆಕಾರದಲ್ಲಿ ಬಂದವು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದು ಬೆಳಗಿಗೆ ಕೆರೆಗೆ ಮರಳುವುದು ಇವುಗಳ ವಾಡಿಕೆ. ಕೆರೆಯ ಮೇಲೆ ಬಂದೊಡನೆ ರೆಕ್ಕೆ ಬಿಗಿಹಿಡಿದು, ಕಾಲು ಮುಂದೆ ಚಾಚಿ, ನೀರನ್ನು ಸೀಳುತ್ತ ಇಳಿದವು. ಇಳಿದಷ್ಟೂ ಬರುತ್ತಲೇ ಇದ್ದವು. ಮಂಜು ಕರಗಿ ಬಿಸಿಲು ಬಿದ್ದಾಗ ಕೆರೆಯ ನಡುಭಾಗವೆಲ್ಲ ಬೂದುಬಿಳುಪಾಗಿತ್ತು. ದಕ್ಷಿಣ ಭಾರತದಲ್ಲಿ ಈ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಸುಮಾರು ಎಂಟು ಸಾವಿರ ಹಕ್ಕಿಗಳು ಇಲ್ಲಿಗೆ ಬರುವುವೆಂದು ಲೆಕ್ಕ.

ಹತ್ತಿರದಿಂದ ನೋಡಿದರೆ ಇದು ಒಡವೆಯಿಲ್ಲದೆಯೂ ಶೋಭಿಸುವ ಹಕ್ಕಿ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕರಿಯ ಪಟ್ಟೆಗಳು, ಕೊರಳ ಬದಿಗೆ ಒಂದು ಬಿಳಿಯ ಗೀರು, ಕಿತ್ತಳೆ ಕಲೆತ ಹಳದಿ ಬಣ್ಣದ ಕೊಕ್ಕು ಮತ್ತು ಕಾಲು. “ಇವು ಕರೀ ವಿಭೂತಿ ಹಚ್ಚಿಕೊಂಡಾವ” ಎಂದ ಮಗ. ಮಗಳು ದುರ್ಬೀನು ಹಿಡಿದು ಬಹಳ ಹೊತ್ತು ನೋಡಿ, “ಇದಕ್ಕ ಪಟ್ಟಿನ ಇಲ್ಲ” ಎಂದು ಒಂದನ್ನು ತೋರಿಸಿದಳು. ಅದು ಆ ವರ್ಷದ ಮರಿ. ಮರಿಗಳಿಗೆ ಪಟ್ಟೆಗಳು ಸ್ಪಷ್ಟವಾಗಿ ಮೂಡಿರುವುದಿಲ್ಲ. ಮೊದಲನೆಯ ಚಳಿಗಾಲವನ್ನು ಅವು ತಂದೆತಾಯಿಗಳ ಸಂಗಡವೇ ಕಳೆಯುತ್ತವೆ, ದಾರಿಯನ್ನೂ ಅವರಿಂದಲೇ ಕಲಿಯುತ್ತವೆ. ಆ ಮರಿ ಎರಡು ದೊಡ್ಡ ಹಕ್ಕಿಗಳ ನಡುವೆ ತಲೆಯನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ ನಿದ್ದೆಹೋಗಿತ್ತು. ಮಗನು ಆ ಕ್ಷಣದಿಂದ ಹುಲಿಯನ್ನು ಮರೆತು ಅದನ್ನು ತನ್ನದೆಂದು ಭಾವಿಸಿದ.

ದಂಡೆಯ ಇನ್ನೊಂದು ಬದಿಗೆ ಕೇಸರಿಬಣ್ಣದ ಜೋಡಿಯೊಂದು ಕುಳಿತಿತ್ತು. ಹಳಗನ್ನಡದ ಜಕ್ಕವಕ್ಕಿ ಅದೇ ಎಂದು ಮಾವನವರಿಗೆ ಹೇಳಿ, ರಾತ್ರಿಯಲ್ಲಿ ಅವು ಅಗಲಿರಬೇಕಾದ ಕವಿಸಮಯವನ್ನು ವಿವರಿಸಿದೆ. ಅವರು ಎಲ್ಲವನ್ನೂ ಕೇಳಿ, “ರಾತ್ರಿ ಕೂಡೇ ಇರತಾವ್ರಿ, ನಾ ನೋಡೀನಿ” ಎಂದರು. ನಾನು ಮುಂದಿನ ಹಕ್ಕಿಯ ಕಡೆಗೆ ತಿರುಗಿದೆ.

ಇನ್ನು ನನ್ನ ಅಪರಾಧದ ಸಂಗತಿಗೆ ಬರುತ್ತೇನೆ. ಹಕ್ಕಿಗಳೆಲ್ಲ ಒಮ್ಮೆಲೇ ಹಾರಿದರೆ ಹೇಗಿದ್ದೀತು ಎಂಬ ಆಸೆ ನನಗೆ ಹುಟ್ಟಿತು. ಮಕ್ಕಳ ಸಲುವಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ನನಗೇ ನೋಡಬೇಕಾಗಿತ್ತು. ಹೆಂಡತಿಗೆ ಫೋನಿನ ಕ್ಯಾಮೆರಾ ಹಿಡಿಯಲು ಸನ್ನೆ ಮಾಡಿ, ಎರಡು ಹೆಜ್ಜೆ ಮುಂದೆ ಹೋಗಿ, ಗಟ್ಟಿಯಾಗಿ ಮೂರು ಸಲ ಚಪ್ಪಾಳೆ ತಟ್ಟಿದೆ.

ಕೆರೆಗೆ ಕೆರೆಯೇ ಎದ್ದಂತಾಯಿತು. ಸಾವಿರಾರು ರೆಕ್ಕೆಗಳ ಸದ್ದು ಎದೆಗೆ ಬಂದು ಬಡಿಯಿತು. ಬಿಸಿಲು ಮಂಕಾಗಿ ಮತ್ತೆ ಹೊಳೆಯಿತು. ಮಗನು ಕುಣಿದಾಡಿದ. ಹಕ್ಕಿಗಳು ಕೆರೆಯ ಮೇಲೆ ಸುತ್ತಿ ಸುತ್ತಿ, ಇಳಿಯಲು ಹೋಗಿ ಹೆದರಿ ಮೇಲೇರಿ, ಪುನಃ ಸುತ್ತಿದವು. ಅವೆಲ್ಲ ನೀರಿಗಿಳಿಯಲು ಹತ್ತು ನಿಮಿಷವಾದರೂ ಹಿಡಿದಿರಬೇಕು. ಅಷ್ಟು ಹೊತ್ತೂ ಮಾವನವರು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು:

“ಅಳಿಯಂದಿರ, ರಾತ್ರಿ ಹೊಲದಾಗ ನಾ ಎಬ್ಬಸ್ತೀನಿ. ಹಗಲ ಕೆರ್ಯಾಗ ನೀವ ಎಬ್ಬಸಿದ್ರ, ಅವು ಮಲಗೂದು ಯಾವಾಗ?”

ಹೆಂಡತಿ ಫೋನನ್ನು ಚೀಲದೊಳಗಿಟ್ಟಳು. ನಾನು ತಗ್ಗಿದ ತಲೆಯನ್ನು ಎತ್ತಲಿಲ್ಲ.

ಚರಗ ಮುಗಿದ ಮೇಲೆ, ಊಟದ ಹೊತ್ತಿನಲ್ಲಿ, ಆ ಮಾತಿನ ಪೂರ್ಣಾರ್ಥ ತಿಳಿಯಿತು. ಎಳ್ಳಮಾವಾಸ್ಯೆಯ ಈ ಪದ್ಧತಿಯನ್ನು ಬೆಂಗಳೂರು ಮೈಸೂರುಗಳ ಕಡೆಯ ವಾಚಕರು ಅರಿಯದಿರಬಹುದು. ಫಲಹೊತ್ತ ಭೂಮಿತಾಯಿ ಬಸುರಿಯೆಂದು ಭಾವಿಸಿ, ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬವಿದು. ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸುತ್ತಾರೆ. ಗದಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಕುಮಾರವ್ಯಾಸ ಹಾಡಿದ ಪಾಂಡವರು ಇಲ್ಲಿ ಎರೆಹೊಲದ ಕಲ್ಲುಗಳಾಗಿ ನೈವೇದ್ಯ ತೆಗೆದುಕೊಳ್ಳುತ್ತಾರೆ! ತಂದ ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕೂ ಕಡೆಗೆ ಚೆಲ್ಲುತ್ತ ಒಂದು ಸುತ್ತು ಬಂದ ಮೇಲೆಯೇ ಮನುಷ್ಯರ ಊಟ. ನನ್ನ ಮಗ ಚರಗದ ಬುಟ್ಟಿ ಹಿಡಿದು ಮಾವನವರ ಹಿಂದೆ ಓಡಿದ.

ಹೊಲದ ಮೂಡಣ ಅಂಚಿನಲ್ಲಿ ಅವನು ನಿಂತುಬಿಟ್ಟ. “ಯಜ್ಜಾ, ಇಲ್ಲಿ ಕಡ್ಲಿ ಯಾಕ ಇಲ್ಲ?”

ಅಲ್ಲಿ ಐದಾರು ಸಾಲು ಕಡಲೆ ನೆಲಮಟ್ಟಕ್ಕೆ ಕತ್ತರಿಸಿದಂತಿತ್ತು. ಕೆಲವೆಡೆ ಬರಿಯ ಕಡ್ಡಿ, ಕೆಲವೆಡೆ ಅದೂ ಇಲ್ಲ. ತೇವದ ಮಣ್ಣಿನಲ್ಲಿ ಜಾಲಪಾದದ ಗುರುತುಗಳು, ನಡುನಡುವೆ ಹಿಕ್ಕೆ. ನಾವು ಬೆಳಗ್ಗೆ ಕಣ್ತುಂಬ ನೋಡಿದ ಅತಿಥಿಗಳು ಹಿಂದಿನ ರಾತ್ರಿ ಊಟ ಮಾಡಿದ ಪಂಕ್ತಿ ಅದು. ಈ ಹಕ್ಕಿ ಮೀನು ತಿನ್ನುವುದಲ್ಲ. ಹುಲ್ಲು, ಎಳೆಯ ಪೈರು, ಕಾಳು ಇದರ ಆಹಾರ. ಶೇಂಗಾ ಕಿತ್ತ ಹೊಲದಲ್ಲಿ ಉದುರಿದ ಕಾಳು ಸಿಕ್ಕರೆ ಸರಿ, ಸಿಗದಿದ್ದರೆ ನಿಂತ ಕಡಲೆ, ಗೋದಿ. ಮಾವನವರು ತಿಂಗಳಿಂದ ರಾತ್ರಿಯ ಹೊತ್ತು ಗುಡಿಸಲಲ್ಲಿ ಮಲಗಿ, ಹಕ್ಕಿ ಇಳಿದ ಸಪ್ಪಳವಾದಾಗ ಎದ್ದು ತಗಡಿನ ಡಬ್ಬಿ ಬಡಿಯುತ್ತಿದ್ದಾರೆ. ಒಂದು ಹೊಲದಿಂದ ಎದ್ದವು ಮತ್ತೊಂದು ಹೊಲದಲ್ಲಿ ಇಳಿಯುತ್ತವೆ; ಅಲ್ಲಿ ಮತ್ತೊಬ್ಬರು ಡಬ್ಬಿ ಬಡಿಯುತ್ತಾರೆ.

“ಹಿಂಗಿದ್ದೂ ನೀವು ಬೆಳಿಗ್ಗೆ ನನಗೆ ಬೈದಿರಲ್ಲ ಮಾವ?” ಎಂದೆ.

ಅವರು ರೊಟ್ಟಿ ಮುರಿಯುತ್ತ ಹೇಳಿದರು: “ಕೆರಿ ತುಂಬಿದ ವರ್ಷ ಇವು ಬರತಾವ. ಕೆರಿ ತುಂಬಿದ ವರ್ಷ ನನ್ನ ಬಾವ್ಯಾಗೂ ನೀರ ಇರತಾವ. ಬರಗಾಲದಾಗ ಇವು ಬರೂದಿಲ್ಲ, ಹೊಲ ಉಳಿತೈತಿ. ಖರೆ, ಆವಾಗ ಹೊಲದಾಗ ಏನ ಇರತೈತಿ ಉಳಿಯಾಕ?”

ಇದನ್ನು ಕೇಳಿ ನಾನು ಬಹಳ ಸಂತೋಷಪಟ್ಟೆ. ಇಂಥ ಮಾತು ಸಿಕ್ಕರೆ ನನ್ನಂಥವನು ಕೂಡಲೇ ಜನಪದ ವಿವೇಕ ಎಂದು ತಲೆಬರಹ ಕೊಟ್ಟು ಲೇಖನ ಮುಗಿಸಿಬಿಡುತ್ತಾನೆ. ಆದರೆ ಪಕ್ಕದ ಹೊಲದವನೊಬ್ಬ ನಮ್ಮ ಪಂಕ್ತಿಯಲ್ಲಿಯೇ ಕುಳಿತಿದ್ದ. ಎರಡೆಕರೆಯನ್ನು ಲಾವಣಿಗೆ ಹಿಡಿದು ಮಾಡುವ ಬಡವ, ಸ್ವಂತ ಬಾವಿಯಿಲ್ಲ. ಅವನ ಕಡಲೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಅವನು ತಲೆಯೆತ್ತದೆ ಅಂದ: “ನೋಡಾಕ ಬರಾವ್ರಿಗೆ ಹಕ್ಕಿ ಚಂದರೀ ಸರ. ಲಾವಣಿ ರೊಕ್ಕ ಹಕ್ಕಿ ಕೊಡೂದಿಲ್ಲ.” ಮಾವನವರು ಅವನ ಮಾತನ್ನು ಅಲ್ಲಗಳೆಯಲಿಲ್ಲ. ಹೊರಡುವಾಗ ನನ್ನ ಹೆಂಡತಿ ಅವನ ಹೊಲದ ಒಂದು ಹೊರೆ ಸುಲಗಾಯಿ ಕೊಳ್ಳಲು ನೋಡಿದಳು. ಹೊರೆಯನ್ನು ಕೊಟ್ಟ, ಹಬ್ಬದ ದಿನ ಹಣ ಮುಟ್ಟುವುದಿಲ್ಲವೆಂದ.

ಊರಿಗೆ ಮರಳಿದ ಮೇಲೆ ಈ ಹಕ್ಕಿಯನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ಅವು ಬರುವುದು ಮಂಗೋಲಿಯಾ, ಟಿಬೆಟ್ಟು, ಚೀಣಾದ ಚಿಂಗ್‌ಹಾಯ್ ಮುಂತಾದ ಎತ್ತರದ ನಾಡುಗಳಿಂದ. ನಮ್ಮ ಲಡಾಖಿನಲ್ಲಿಯೂ ಮರಿ ಮಾಡುವುದುಂಟು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಮೈಸೂರು ಸೀಮೆಯ ಹದಿನಾರು ಕೆರೆಯಲ್ಲಿ ಕಂಡುಬಂದಿವೆ. ನಡುವೆ ಅಡ್ಡ ನಿಂತಿರುವುದು ಹಿಮಾಲಯ. ಈ ಹಕ್ಕಿಗಳು ಎವರೆಸ್ಟನ್ನೇ ದಾಟಿಹೋಗುವುವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಬೆನ್ನಿಗೆ ಉಪಗ್ರಹದೊಡನೆ ಮಾತಾಡುವ ಯಂತ್ರ ಕಟ್ಟಿ ನೋಡಿದ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅತ್ಯಂತ ಎತ್ತರದ ದಾಖಲೆ ೭,೨೯೦ ಮೀಟರು. ಆದರೆ ನೂರಕ್ಕೆ ತೊಂಬತ್ತೈದು ಸಲ ಅವು ೫,೫೦೦ ಮೀಟರಿಗಿಂತ ಕೆಳಗೇ ಹಾರಿದ್ದವು. ಶಿಖರಗಳ ಮೇಲಿನಿಂದ ಸಾಗದೆ ಕಣಿವೆಗಳನ್ನೂ ಕಂಡಿಗಳನ್ನೂ ಹುಡುಕಿ ನುಸುಳುತ್ತವೆ. ೨೦೧೫ರ ಇನ್ನೊಂದು ಶೋಧನೆಯ ಪ್ರಕಾರ, ಒಮ್ಮೆ ಏರಿ ಅದೇ ಎತ್ತರದಲ್ಲಿ ಉಳಿಯುವುದಕ್ಕಿಂತ, ನೆಲದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಹೋದರೆ ಅವುಗಳ ಶಕ್ತಿ ಕಡಿಮೆ ವ್ಯಯವಾಗುತ್ತದೆ. ಗಾಳಿ ತಂಪಾಗಿ ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವವೇ ಹೆಚ್ಚಾಗಿ ಅವುಗಳ ಪ್ರಯಾಣದ ಹೊತ್ತು. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಬಾಚಿಕೊಳ್ಳುವ ಗುಣ ಅವುಗಳ ರಕ್ತದಲ್ಲಿಯೇ ಇದೆ.

ಇದನ್ನು ಓದುತ್ತಿದ್ದಂತೆ ನನಗೆ ಮೇಘದೂತ ನೆನಪಾಯಿತು. ಮಾನಸ ಸರೋವರಕ್ಕೆ ಹೊರಟ ಹಂಸಗಳು ಹಿಮಾಲಯದ ಕ್ರೌಂಚಪರ್ವತದ ಒಂದು ಕಂಡಿಯ ಮೂಲಕ ಹಾಯುವುವೆಂದು ಕಾಳಿದಾಸ ಹೇಳಿ, ಅದನ್ನು ಹಂಸದ್ವಾರವೆಂದೇ ಕರೆದಿದ್ದಾನೆ. ಪರಶುರಾಮನ ಬಾಣದಿಂದಾದ ರಂಧ್ರವೆಂಬುದು ಪುರಾಣದ ಮಾತು ಎಂದು ಟಿಪ್ಪಣಿ ಬರೆಸಿ ನಾನು ಮುಂದೆ ಸಾಗುತ್ತಿದ್ದೆ. ಯಾರೋ ಒಬ್ಬ ಕುರಿಗಾಹಿಯೋ ಯಾತ್ರಿಕನೋ ಹಕ್ಕಿಗಳು ಕಂಡಿಯಲ್ಲಿ ನುಸುಳಿಹೋಗುವುದನ್ನು ಕಣ್ಣಾರೆ ಕಂಡು ಹೇಳಿರಬಹುದೆಂದು ಈಗ ತೋರುತ್ತದೆ. ತಿಂಗಳಿನ ವಿಷಯದಲ್ಲಿ ಮಾತ್ರ ಕವಿಗೂ ಮಾಗಡಿಗೂ ಹೊಂದುವುದಿಲ್ಲ. ಅವನ ಹಂಸಗಳು ಆಷಾಢದ ಮೊದಲ ಮೋಡ ಕಂಡು ಹೊರಡುತ್ತವೆ. ನಮ್ಮವು ಶಿವರಾತ್ರಿ ಹೋಳಿಹುಣ್ಣಿಮೆಗಳ ಆಸುಪಾಸಿನಲ್ಲೇ ಹೊರಟುಬಿಡುತ್ತವೆ. ಪರೀಕ್ಷೆಯಲ್ಲಿ ಯಾವನಾದರೂ ವಿದ್ಯಾರ್ಥಿ ಇದನ್ನು ಎತ್ತಿ ತೋರಿಸಿದರೆ ಅವನಿಗೆ ಎರಡು ಅಂಕ ಹೆಚ್ಚಿಗೆ ಕೊಡುವೆನೇ ಹೊರತು ಕಡಿಮೆ ಮಾಡಲಾರೆ.

ಈ ಯಾತ್ರೆಗೆ ಬೇಕಾದ ಬಲವೆಲ್ಲ ಚಳಿಗಾಲದ ಮೂರು ನಾಲ್ಕು ತಿಂಗಳಲ್ಲಿ ಕೂಡಬೇಕು. ನನ್ನ ಚಪ್ಪಾಳೆ ಸುಟ್ಟದ್ದು ಆ ಗಂಟನ್ನೇ. ಎಂಟು ಸಾವಿರ ಹಕ್ಕಿಗಳನ್ನು ಹತ್ತು ನಿಮಿಷ ಸುಮ್ಮನೆ ಹಾರಿಸಿದರೆ, ಅದರ ನಷ್ಟವನ್ನು ಆ ರಾತ್ರಿ ತುಂಬಿಕೊಡಬೇಕಾದದ್ದು ಯಾರದೋ ಕಡಲೆಯ ಸಾಲು. ಆ ಎರಡೆಕರೆಯ ಲಾವಣಿಯವನದೇ ಇದ್ದೀತು.

೧೯೭೧ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಜೌಗುಭೂಮಿಗಳ ರಕ್ಷಣೆಗಾಗಿ ರಾಷ್ಟ್ರಗಳ ನಡುವೆ ಒಂದು ಒಪ್ಪಂದವಾಯಿತು. ಕರ್ನಾಟಕದಿಂದ ಆ ಪಟ್ಟಿಗೆ ೨೦೨೨ರಲ್ಲಿ ಮೊದಲು ಸೇರಿದ್ದು ರಂಗನತಿಟ್ಟು. ೨೦೨೪ರಲ್ಲಿ ಅಂಕಸಮುದ್ರ, ಅಘನಾಶಿನಿಯ ಅಳಿವೆಗಳ ಜೊತೆಗೆ ಮಾಗಡಿ ಕೆರೆಯೂ ಸೇರಿತು. ೧೬೬ಕ್ಕಿಂತ ಹೆಚ್ಚು ಜಾತಿಯ ಪಕ್ಷಿಗಳಿಗೆ ಆಶ್ರಯವಾದ, ಅದರಲ್ಲೂ ೧೩೦ ವಲಸೆಯ ಜಾತಿಗಳನ್ನು ಕರೆಸಿಕೊಳ್ಳುವ ಕೆರೆಗೆ ಈ ಗೌರವ ಸಂದದ್ದು ನ್ಯಾಯವೇ. ನೆರೆಯ ಕಪ್ಪತಗುಡ್ಡವೂ, ಗಣಿಯ ಕಣ್ಣಿನಿಂದ ಅದನ್ನು ಉಳಿಸಲು ನಮ್ಮ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, ೨೦೧೯ರಲ್ಲಿ ೨೪೪ ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಅಲ್ಲಿಯ ತೋಳ, ಕತ್ತೆಕಿರುಬಗಳ ವಿಷಯವನ್ನು ಶ್ರಾವಣದಲ್ಲಿ ಮುಂಡರಗಿಯ ಕಡೆಯಿಂದ ಗುಡ್ಡ ಹತ್ತಿ ಬಂದ ಮೇಲೆ ಬರೆಯುತ್ತೇನೆ. ಗುಡ್ಡದ ಪ್ರಾಣಿಗೆ ಗುಡ್ಡದಲ್ಲಿಯೇ ಊಟವುಂಟು. ಮಾಗಡಿಯ ಕಥೆ ಹಾಗಲ್ಲ. ಕಾಯಿದೆ ಕಾಯುವ ೧೩೪ ಎಕರೆ ಹಂಸಗಳಿಗೆ ಮಲಗುವ ಕೋಣೆ ಮಾತ್ರ. ಅವುಗಳ ಅಡುಗೆಮನೆ ಶಿರಹಟ್ಟಿ ಲಕ್ಷ್ಮೇಶ್ವರಗಳ ರೈತರ ಹೊಲ. ಕೆರೆಯ ಹೆಸರು ಜಗತ್ತಿನ ಪಟ್ಟಿಗೆ ಏರಿದಾಗ ಸಂತೋಷಪಟ್ಟವರ ಪೈಕಿ ಅಡುಗೆಮನೆಯ ಖರ್ಚನ್ನು ಎಷ್ಟು ಜನ ಲೆಕ್ಕ ಹಾಕಿದರೋ ಕಾಣೆ. ನಾನಂತೂ ಹಾಕಿರಲಿಲ್ಲ.

ಇತ್ತ ಕಡೆಯ ಮನೆ ಗಟ್ಟಿಯಿದ್ದರೂ ಸಾಲದು. ೨೦೦೫ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು. ಪಟ್ಟೆತಲೆಯವೂ ಅವುಗಳಲ್ಲಿ ಬಹಳ. ಎರಡು ದೂರದೇಶದ ಕೆರೆಗಳ ನಡುವೆ ಬದುಕನ್ನು ಹಂಚಿಕೊಂಡ ಜೀವಕ್ಕೆ ಎರಡೂ ಕಡೆಯ ಕೇಡು ತಟ್ಟುತ್ತದೆ.

ಹಾಗೆಂದು ವಾಚಕರು ಮಾಗಡಿಗೆ ಹೋಗಬಾರದೆಂದಲ್ಲ, ಅವಶ್ಯ ಹೋಗಬೇಕು. ಮಳೆ ಚೆನ್ನಾಗಿ ಬಿದ್ದ ವರ್ಷ ನವೆಂಬರಿನಿಂದ ಫೆಬ್ರುವರಿಯವರೆಗೆ ಕಾಲ ಪ್ರಶಸ್ತ. ಸೂರ್ಯೋದಯಕ್ಕೆ ಮುಂಚೆ ದಂಡೆಯ ಮೇಲಿದ್ದರೆ ಅವು ಬಂದಿಳಿಯುವುದು ಸಿಗುತ್ತದೆ. ಮುಸ್ಸಂಜೆಯವರೆಗೆ ಕಾದರೆ ಹೊರಡುವುದು ಸಿಗುತ್ತದೆ. ಎಬ್ಬಿಸುವ ಅಗತ್ಯವೇ ಇಲ್ಲ. ದಿನಕ್ಕೆ ಎರಡು ಸಲ ಅವು ತಾವಾಗಿಯೇ ಏಳುತ್ತವೆ, ಇಳಿಯುತ್ತವೆ. ಒಂದು ದುರ್ಬೀನು, ಮಾಸಲು ಬಣ್ಣದ ಬಟ್ಟೆ, ಮಕ್ಕಳಿಗಿಂತ ಮೊದಲು ತಂದೆಗೆ ಸುಮ್ಮನಿರುವ ಅಭ್ಯಾಸ, ಇಷ್ಟಿದ್ದರೆ ಸಾಕು. ಸುಲಗಾಯಿಯನ್ನಾಗಲಿ ಶೇಂಗಾವನ್ನಾಗಲಿ ದಂಡೆಯ ಊರುಗಳ ರೈತರಿಂದಲೇ ಕೊಳ್ಳಿರಿ, ಹಬ್ಬದ ದಿನ ಬಿಟ್ಟು.

ನಾವು ಅಂದು ಸಂಜೆಯವರೆಗೂ ನಿಂತೆವು. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಕೆರೆಯಲ್ಲಿ ಗುಸುಗುಸು ಹುಟ್ಟಿತು. ಒಂದು ಗುಂಪು ಎದ್ದಿತು, ಹಿಂದೆಯೇ ಇನ್ನೊಂದು. ಬೆಳಗ್ಗೆ ನಾನು ಬಲವಂತದಿಂದ ಕಂಡದ್ದಕ್ಕಿಂತ ನೂರುಪಾಲು ಗಂಭೀರವಾದ ನೋಟ. ಸಾಲುಗಳು ನಮ್ಮ ತಲೆಯ 
ಮೇಲಿನಿಂದ ಹೊಲಗಳ ಕಡೆಗೆ ಸಾಗಿದವು. ಮಾವನವರು ಕಂಬಳಿ ಕೊಡವಿ ಹೊದ್ದರು, ಡಬ್ಬಿಯನ್ನು ಕಂಕುಳಲ್ಲಿ ಇರಿಸಿಕೊಂಡರು. “ಬಸ್ಸು ತಪ್ಪೀತು, ನಡೀರಿ” ಎಂದು ನಮ್ಮನ್ನು ಕಳಿಸಿ, ಹಕ್ಕಿಗಳು ಹೋದ ದಿಕ್ಕಿನಲ್ಲಿ ತಾವೂ ಹೋದರು.

ಶಿವರಾತ್ರಿ ಕಳೆದ ಮೇಲೆ ಅವರಿಂದ ಫೋನು ಬಂದಿತು. “ಎರಡ ದಿನ ಆತು, ಕೆರಿ ಖಾಲಿ ಆಗೇತ್ರಿ” ಎಂದರು.

“ಕಡಲೆ ಎಷ್ಟು ಬಂತು ಮಾವ?”

“ಹತ್ತ ಚೀಲ ಬರೂದು. ಏಳ ಬಂತು.”

“ಪಕ್ಕದವನದು?”

“ಅವಂದು ಕೇಳಬ್ಯಾಡ್ರಿ” ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಹುಡುಗ ಅದಾನೇನು ಮನ್ಯಾಗ? ಅವ್ನ ಮರೀನೂ ಹೋತು ಅಂತ ಹೇಳ್ರಿ.”